ನರ್ಸಬಾಯಿಯ ಮೊಂಡು ಬೆರಳು

ಯಳವತ್ತಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಅಕ್ಕನಿಂದ ಮೂರು ಹೆಜ್ಜೆ ದೂರ, ಕಂಬ ಹಿಡಿದು ನಾನು ನಿಂತಿದ್ದೆ. ಅಕ್ಕ ಹೆತ್ತು ಒಂಬತ್ತನೆಯ ದಿನ. ಬೆಳಗಿನ ಹತ್ತರ ಬಸ್ಸು ಆಗಷ್ಟೇ ಹೋಗಿತ್ತು. ಅವಳ ತೊಡೆಯ ಮೇಲಿದ್ದ ಹೆಣ್ಣುಕೂಸಿನ ಬಲಗೈಯಲ್ಲಿ ಎರಡು ಹೆಬ್ಬೆರಳು. ಹೊರಗಿನದರ ಬುಡಕ್ಕೆ ಕುದುರೆಯ ಕೂದಲು ಬಿಗಿದಿತ್ತು. ಲಕ್ಷ್ಮೇಶ್ವರದಲ್ಲಿ ಮದುವೆ ಮೆರವಣಿಗೆಯ ಕುದುರೆಯ ಬಾಲದಿಂದ ಅದನ್ನು ಕಿತ್ತು ತಂದವನು ನಾನೇ.

ನಮ್ಮ ಅಜ್ಜ, ಮುತ್ಯಾನಿಗೂ ಹುಟ್ಟುವಾಗ ಕಿರುಬೆರಳ ಪಕ್ಕ ಬರೀ ತೊಗಲಿನ ಬೆರಳೊಂದಿತ್ತಂತೆ. ಕೂದಲು ಕಟ್ಟಿದ್ದಕ್ಕೆ ಒಣಗಿ ಉದುರಿತ್ತಂತೆ. ಕೂಸಿನದು ಉದುರಲಿಲ್ಲ. ಎರಡು ದಿನಕ್ಕೆ ನೀಲಿಗಟ್ಟಿ ಬಾತಿತು. ಮುತ್ಯಾ ಎಲೆಚೀಲದಿಂದ ಅಡಕತ್ತರಿ ತೆಗೆದ.

“ತೊಟ್ಟಲಕ್ಕ ಬೀಗರು ಬರೂದರಾಗ ಇದು ಹೋಗಬೇಕು. ಕೈ ಗಟ್ಟಿ ಹಿಡಿಯವಾ.”

ಬಾಣಂತಿಯನ್ನು ನೋಡಲು ಬಂದಿದ್ದ ನರ್ಸಬಾಯಿ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಕೂಗಿದರು. ಮುತ್ಯಾ ಕೇಳಲಿಲ್ಲ. ಅಡಕತ್ತರಿ ಮುಚ್ಚಿಕೊಳ್ಳುವಾಗ ಅವರು ಓಡಿ ಬಂದು ತಮ್ಮ ತೋರುಬೆರಳನ್ನು ನಡುವೆ ತೂರಿಸಿದರು. ಕಟ್ ಎಂದಿತು. ಬೆರಳ ತುದಿ ಕೂಸಿನ ದುಪ್ಪಟಿಯ ಮೇಲೆ ಬಿತ್ತು. ಅಕ್ಕನ ಮುಖಕ್ಕೆ ರಕ್ತ ಸಿಡಿಯಿತು.

“ಕೇಳಿದ್ರೇನ್ರಿ ಮುತ್ಯಾ? ಎಲಬಿನ ಸಪ್ಪಳ ಅದು. ಕೂಸಿನ ಬಟ್ಟಿನ್ಯಾಗೂ ಎಲಬ ಐತಿ.” ಆಮೇಲೆ ನನ್ನ ಕಡೆ ತಿರುಗಿದರು: “ತಮ್ಮಾ, ಕಂಬ ಬೀಳಂಗಿಲ್ಲ, ಬಿಡು ಅದನ್ನ. ಬ್ಲೇಡ್ ತಾ.” ಎಡಗೈಯಿಂದಲೇ ಕೂದಲು ಕೊಯ್ದರು. ಕೂಸಿನ ಬೆರಳಿಗೆ ಮೆಲ್ಲಗೆ ಬಣ್ಣ ಮರಳಿತು.

ಕೂಸಿಗೆ ವರ್ಷ ತುಂಬಿದ ಮೇಲೆ ಗದಗಿನಲ್ಲಿ ಆಪರೇಶನ್ ಆಯಿತು. ಹೊರಗಿನದನ್ನು ಬರೀ ಕತ್ತರಿಸಿದ್ದರೆ ಒಳಗಿನದು ಸೊಟ್ಟಗೆ, ಬಲವಿಲ್ಲದೆ ಉಳಿಯುತ್ತಿತ್ತು ಎಂದರು ಡಾಕ್ಟರು. ತೆಗೆದ ಬೆರಳಿಗೆ ಅಂಟಿದ್ದ ಸ್ನಾಯುವನ್ನೂ ಕೀಲಿನ ಪಟ್ಟಿಯನ್ನೂ ಉಳಿಸಿಕೊಂಡು ಒಳಗಿನದಕ್ಕೆ ಹೊಲಿದರು. ತಂತಿ ತೂರಿಸಿ ಎಲುಬನ್ನು ನೆಟ್ಟಗೆ ನಿಲ್ಲಿಸಿದರು. ನರ್ಸಬಾಯಿ ರಜೆ ಹಾಕಿ ಹೊರಗೆ ಬೆಂಚಿನ ಮೇಲೆ ಕೂತಿದ್ದರು.

“ಬಟ್ಟ ಎಲ್ಲಿ ಹೋತ್ರಿ, ನರ್ಸಬಾಯಿ?” ಎಂದು ಊರವರು ಕೆಣಕಿದರೆ, “ನಿಮ್ಮೂರಾಗ ಬಿತ್ತೇನಿ. ಮಳಿ ಆದ್ರ ನಾಟತೈತಿ” ಎನ್ನುತ್ತಿದ್ದರು. ನಮ್ಮ ಮನೆಗೆ ಬಂದಾಗಲೆಲ್ಲ ಆ ಮೊಂಡು ಬೆರಳನ್ನು ಹುಡುಗಿಯ ಮುಂದೆ ಚಾಚುವರು. “ಹಿಡೀ ನೋಡೂಣು. ನಾ ಜಗ್ಗತೀನಿ, ಬಿಡಬ್ಯಾಡ.”

ಹೋದ ವರ್ಷ ಮುಂಡರಗಿಯ ಅವರ ಮನೆಯಲ್ಲಿ ಕೊನೆಯ ಸಲ ಕಂಡಾಗ ನರ್ಸಬಾಯಿಗೆ ಮಾತು ನಿಂತಿತ್ತು. ಹುಡುಗಿಯನ್ನು ನೋಡಿ ಮೊಂಡು ಬೆರಳನ್ನಷ್ಟೇ ಎತ್ತಿದರು. ಅವಳು ಹಿಡಿದಳು. ಅವರ ಉಸಿರು ನಿಂತ ಮೇಲೂ ಬಿಡಲಿಲ್ಲ. ಬಿಡಿಸಲು ನಾನು ಅವಳ ಹೆಬ್ಬೆರಳನ್ನು ಬಲವಾಗಿ ಮೇಲೆತ್ತಬೇಕಾಯಿತು.

ಮುತ್ಯಾ ಮೊದಲೇ ತೀರಿಹೋಗಿದ್ದ. ಅಂದು ಪಡಸಾಲೆಯಲ್ಲಿ ಕಣ್ಣಾರೆ ಕಂಡವರಲ್ಲಿ ಈಗ ಬದುಕಿರುವವರು ಅಕ್ಕ ಮತ್ತು ನಾನು.