ಟಿವಿಡೇಲ್ ನೋಡಿ ಬಂದ ಬೂಟು

ದಾನೇಶ್ವರಿಗೆ ಥಾರ್ನ್‌ಹೋಮ್ ಹಾಲ್‌ನ ಹುಚ್ಚು ಹಿಡಿದದ್ದು ಸಗಣಿಯಿಂದ.

ಇಂಗ್ಲಿಷರ ನಾಡಿನಲ್ಲಿ ತಾವಿದ್ದ ಡಿಡ್ಸ್‌ಬರಿಯಿಂದ ಗಂಡ ಚಿದಾನಂದನ ಜೊತೆ ಸುಮ್ಮನೆ ನೋಡಲು ಹೋಗಿದ್ದಳು. ಹಿಂದೆ ಜಮೀನ್ದಾರರ ಮನೆತನವೊಂದು ಬಾಳಿದ ಹಳೇ ಬಂಗಲೆ ಅದು. ಓಕ್ ಮರದ ಕಪ್ಪು ತೊಲೆಗಳು, ಅವುಗಳ ನಡುವೆ ಸುಣ್ಣ ಬಳಿದ ಗೋಡೆ. ಮೊಳೆಯೇ ಇಲ್ಲ, ಮರಕ್ಕೆ ಮರದ್ದೇ ಗೂಟ. ಗೋಡೆಯೊಳಗೆ ಏನಿದೆ ಎಂದು ಅಲ್ಲಿನ ಗೈಡು ವಿವರಿಸಿದ: ಹೆಣೆದ ಕಡ್ಡಿ, ಮಣ್ಣು, ಹುಲ್ಲು, ದನದ ಸಗಣಿ. ನವಲಗುಂದದಲ್ಲಿ ಸಗಣಿಯಿಂದ ನೆಲ ಸಾರಿಸಿ ಬೆಳೆದ ಹೆಣ್ಣುಮಗಳು ಇವಳು. ಇಷ್ಟು ವರ್ಷ ಈ ದೊರೆಗಳೆದುರು ಇಂಗ್ಲಿಷು ತಪ್ಪೀತೆಂದು ಹೆದರಿದ್ದೇ ಬಂತು, ಇವರೂ ಸಗಣಿ ಗೋಡೆಯೊಳಗೇ ಗೊರಕೆ ಹೊಡೆದವರಾ ಎಂದು ಅವಳಿಗೆ ನಗು ತಡೆಯಲಾಗಲಿಲ್ಲ. ಮರುವಾರವೇ ತಾನೂ ಗೈಡಾಗುತ್ತೇನೆಂದು ಹೋಗಿ ನಿಂತಳು. ಸಂಬಳವಿಲ್ಲದ ಕೆಲಸ, ಯಾರು ಬೇಡವೆಂದಾರು?

ಆದರೆ ಅವಳಿಗೆ ಬೇಕಿದ್ದದ್ದು ಪರೀಕ್ಷೆ ಗೆದ್ದ ಗೈಡುಗಳಿಗಷ್ಟೇ ಅಲ್ಲಿ ಕೊಡುವ ಹಸಿರು ಬ್ಯಾಡ್ಜು. ಈ ದೇಶದಲ್ಲಿ ಕಂಡವರೆಲ್ಲ ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ, ನೀವು ಎಲ್ಲಿಯವರು ಅಂತ. ಬ್ಯಾಡ್ಜು ಸಿಕ್ಕರೆ ಜನ ಈ ಊರಿನ ವಿಷಯವನ್ನು ಅವಳಲ್ಲಿ ಕೇಳುತ್ತಾರೆ. ಅದನ್ನು ನೆನೆಸಿಕೊಂಡರೇ ಅವಳಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮುಂದೊಂದು ಶನಿವಾರ ಬಂದವರಿಗೆ ಬಂಗಲೆ ತೋರಿಸುವುದೇ ಅವಳ ಪರೀಕ್ಷೆ ಎಂದು ಬಂಗಲೆ ನೋಡಿಕೊಳ್ಳುವ ಮಾರ್ಗರೆಟ್ ಹೇಳಿದ್ದೇ ತಡ, ಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ತೊಲೆ, ಕಮಾನು, ಗೂಟಗಳದ್ದೇ ಬಾಯಿಪಾಠ. ಚಿದಾನಂದ ಪಾಪ, ಊಟದ ತಟ್ಟೆ ಹಿಡಿದು ಪ್ರವಾಸಿಯಾಗಿ ತಲೆಯಾಡಿಸಿದ.

ಆ ಶನಿವಾರ ಅವಳು ಎಲ್ಲರಿಗಿಂತ ಮೊದಲು ಹೋಗಿ ದೊಡ್ಡ ಹಾಲಿನ ಬಾಗಿಲು ತೆಗೆದಳು. ನೋಡಿದರೆ, ಕಲ್ಲಿನ ಒಲೆಗೂಡಿನ ಕಟ್ಟೆಯ ಮೇಲೆ ಒಂದು ಬೂಟು! ಪುಟ್ಟದು, ಕಪ್ಪಗೆ ಮುರುಟಿದ್ದು, ಹಿಮ್ಮಡಿ ಕಿತ್ತದ್ದು. ಒಲೆಯ ಮೇಲೆ ಕಾಲಿನ ವಸ್ತುವೇ? ಯಾರದೋ ನಾಯಿ ಕಚ್ಚಿ ತಂದಿರಬೇಕೆಂದುಕೊಂಡು, ಟಿಶ್ಯೂವಿನಲ್ಲಿ ತುದಿ ಹಿಡಿದೆತ್ತಿ, ಹೊರಬಾಗಿಲ ಪಕ್ಕ ಬೂಟು ಬಿಡುವ ಜಾಗದಲ್ಲಿಟ್ಟು ಬಂದಳು.

ಮೊದಲ ಗುಂಪು ಅವಳೇ ಕರೆದದ್ದು, ಗೆಳತಿ ಶೋಭಾಳ ಮನೆಮಂದಿ. ಮಕ್ಕಳ ಬೂಟೆಲ್ಲ ಕೆಸರು, ಬಾಗಿಲಲ್ಲೇ ಬಿಟ್ಟರು. ದಾನೇಶ್ವರಿ ಏನು ಹೇಳಿದಳು ಅಂತೀರಿ! ಚಿಮಣಿ ಇಲ್ಲದ ಕಾಲದಲ್ಲಿ ಹೊಗೆ ಸೂರಿನಿಂದ ಹೋಗುತ್ತಿದ್ದದ್ದು, ಕಿಟಕಿಗೆ ತೆರಿಗೆ ಬಂದಾಗ ಯಜಮಾನ ಇಟ್ಟಿಗೆಯಿಂದ ಕಿಟಕಿಯನ್ನೇ ಮುಚ್ಚಿಸಿದ್ದು, ಒಂದೂ ಬಿಡಲಿಲ್ಲ. ಸಗಣಿಯ ಮಾತು ಬಂದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು, ಮೂಲೆಯಲ್ಲಿ ನಿಂತ ಮಾರ್ಗರೆಟ್ ಕೂಡ ನಕ್ಕಳು. ಬಾಲಾಜಿ ಗುಡಿಗೆ ತಡವಾಯಿತೆಂದು ಶೋಭಾ ಮಕ್ಕಳನ್ನು ಬರೀ ಸಾಕ್ಸಿನಲ್ಲೇ ಎತ್ತಿ ಕಾರಿಗೆ ಹಾಕಿ, ಕೆಸರು ಬೂಟುಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿಕೊಂಡು ಆ ಗುಡಿಯಿರುವ ಟಿವಿಡೇಲ್‌ನ ದಾರಿ ಹಿಡಿದಳು.

ಆಗ ಮಾರ್ಗರೆಟ್ ಒಲೆಯತ್ತ ತಿರುಗಿದಳು, ಇಲ್ಲಿದ್ದ ಬೂಟು ಎಲ್ಲಿ ಎಂದು ಕೇಳಿದಳು. ಮುನ್ನೂರು ವರ್ಷದ ಹಿಂದೆ, ಕೆಟ್ಟದ್ದು ಮನೆಯೊಳಗೆ ಬಾರದಿರಲೆಂದು ಯಾರೋ ಚಿಮಣಿಯಲ್ಲಿ ಬಚ್ಚಿಟ್ಟ ಮಗುವಿನ ಬೂಟು ಅದು. ರಿಪೇರಿಯಲ್ಲಿ ಸಿಕ್ಕಿ, ತಜ್ಞರ ಬಳಿ ಹೋಗಿ, ನಿನ್ನೆ ಸಂಜೆಯಷ್ಟೇ ವಾಪಸು ಬಂದಿತ್ತು. ದಾನೇಶ್ವರಿ ಬಾಗಿಲಿಗೆ ಓಡಿದಳು. ಅಲ್ಲಿ ಟಿಶ್ಯೂ ಮಾತ್ರ ಉಳಿದಿತ್ತು.

ಶೋಭಾಗೆ ಫೋನು ಹತ್ತಿದ್ದು ಗುಡಿ ಮುಟ್ಟಿದ ಮೇಲೆ. ನೋಡಿಬಂದು ಅವಳು ಮೆಲ್ಲಗೆ ಹೇಳಿದಳು, "ಚೀಲದಲ್ಲಿದ್ದ ಶೂಸ್ ಎಲ್ಲ ಗುಡಿಯ ರ‍್ಯಾಕ್‌ನಲ್ಲಿ ಇಟ್ಟಿದ್ದೆ ಕಣೇ. ಇದೂ ಅಲ್ಲೇ ಕೂತಿದೆ, ಒಬ್ಬರ ಸ್ಯಾಂಡಲ್ ಪಕ್ಕ."

ಸುದ್ದಿ ಕೇಳಿದ ಚಿದಾನಂದ ಹೊಸ ಕಾರು ತಂದ, ಇಬ್ಬರೂ ಟಿವಿಡೇಲ್‌ಗೆ ಹೊರಟರು. ದಾರಿಯುದ್ದಕ್ಕೂ ದಾನೇಶ್ವರಿ ಒಮ್ಮೆ ಅತ್ತಳು, ಒಮ್ಮೆ ನಕ್ಕಳು. ಬ್ಯಾಡ್ಜು ಹೋಯಿತು, ಮಾನವೂ ಹೋಯಿತು. ಒಲೆ ಮೇಲೆ ಅಂಥಾದ್ದನ್ನು ಯಾರು ಇಡುತ್ತಾರೆ ಎಂದು ಗೊಣಗಿದಳು.

"ಯಾಕ, ನಮ್ಮ ಕಾರಿನ ಹಿಂದ ನೀ ಕಟ್ಟೀಯಲ್ಲ, ಅದೇನ ಮತ್ತ?" ಎಂದ ಚಿದಾನಂದ.

ದಾನೇಶ್ವರಿ ಗೊಣಗುವುದನ್ನು ಬಿಟ್ಟು ಕಾರಿನ ಹಿಂಬದಿಗೆ ತಿರುಗಿ ನೋಡಿದಳು. ಕಾರು ಕೊಂಡ ದಿನ, ದೃಷ್ಟಿಯಾಗದಿರಲೆಂದು ಬಂಪರಿನ ಕೆಳಗೆ ಹಳೇ ಚಪ್ಪಲಿ ಕಟ್ಟಿದವಳು ಅವಳೇ.

ಗುಡಿಯಿಂದ ತಂದ ಬೂಟನ್ನು ಮಡಿಲಲ್ಲಿಟ್ಟುಕೊಂಡು ಸಂಜೆ ಬಂಗಲೆ ಮುಚ್ಚುವ ಹೊತ್ತಿಗೆ ಬಂದಾಗ ಮಾರ್ಗರೆಟ್ ಬಾಗಿಲಲ್ಲೇ ನಿಂತಿದ್ದಳು. ದಾನೇಶ್ವರಿ ಸಮಜಾಯಿಷಿ ಹೇಳಲಿಲ್ಲ. ಅವಳ ಕೈ ಹಿಡಿದು ಕಾರಿನ ಹಿಂದಕ್ಕೆ ಕರೆದೊಯ್ದು, ತಾನೂ ಬಗ್ಗಿ ಅವಳನ್ನೂ ಬಗ್ಗಿಸಿ, ನೇತಾಡುವ ಚಪ್ಪಲಿ ತೋರಿಸಿದಳು. ಏಕೆ ಎಂದು ಹೇಳಿದಳು. ಮಾರ್ಗರೆಟ್ ಮೊದಲು ಬಂಪರನ್ನು ನೋಡಿದಳು, ಆಮೇಲೆ ಬೂಟನ್ನು. ಕೊನೆಗೆ ಅವಳು ಕಾರು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಒಳಗೆ ಹೋಗಿ ಹಸಿರು ಬ್ಯಾಡ್ಜು ತಂದು ದಾನೇಶ್ವರಿಯ ಸೆರಗಿಗೆ ಚುಚ್ಚಿದಳು. ಬೂಟನ್ನು ಮಾತ್ರ ಮುಟ್ಟಲಿಲ್ಲ. ಇಂಥದ್ದನ್ನು ಮನೆಯವರೇ ಇಡಬೇಕು, ನೀವೇ ಇಡಿ ಎಂದಳು.

ಜನ್ಮದಲ್ಲಿ ಚಪ್ಪಲಿಯನ್ನು ಹೊಸ್ತಿಲು ದಾಟಗೊಡದ ದಾನೇಶ್ವರಿ, ಆ ಮಗುವಿನ ತಾಯಿಯನ್ನು ನೆನೆದು, ಎರಡೂ ಕೈಯಿಂದ ಬೂಟನ್ನು ಒಲೆಯ ಮೇಲಿಟ್ಟಳು. ಆಮೇಲೆ ಹೋಗಿ ಕೈ ತೊಳೆದುಕೊಂಡಳು.