ದಿಂಬಿನಷ್ಟು ಪುರಿ

ಹೋದ ಶನಿವಾರ ಸಂಜೆ ಐದೂಕಾಲಿಗೆ ನಾನು ಹೆಬ್ಬಗೋಡಿ ಬಸ್ ನಿಲ್ದಾಣದ ಎದುರಿನ ಬೇಕರಿಯಲ್ಲಿ, ಗಾಜಿನ ಪೆಟ್ಟಿಗೆಯ ಎಡಗಡೆ ನಿಂತಿದ್ದೆ. ಪಕ್ಕದಲ್ಲಿ ತಂಗಿ ಮಂಜುಳೆಯ ಮಗಳು, ಆರು ವರ್ಷದವಳು. ಒಂದೇ ಒಂದು ತಿಂಡಿ ಆರಿಸಿಕೋ ಎಂದಿದ್ದೆ. ಅವಳು ಕಡಲೆಬೀಜದ ಮಿಠಾಯಿಯ ಕಡೆ ಕಣ್ಣೂ ಹಾಯಿಸದೆ, ಗಾಳಿ ತುಂಬಿ ಉಬ್ಬಿದ್ದ ಕಡ್ಲೆಪುರಿ ಪೊಟ್ಟಣವೊಂದನ್ನು ತೋರಿಸಿದಳು.

"ಮಾಮ, ಅದು ತಿಂದ್ರೆ ರಾತ್ರಿ ಊಟನೇ ಬೇಡ."

ಬೇಕರಿಯವನು ನಕ್ಕ. ನನಗೆ ನಗಲಾಗಲಿಲ್ಲ. ಯಾಕೆಂದು ಹೇಳುತ್ತೇನೆ, ನಿಮಗೆ ಅವಸರವಿಲ್ಲದಿದ್ದರೆ.

ಆಗ ನನಗೆ ಒಂಬತ್ತು, ಮಂಜುಗೆ ಐದು. ಇದೇ ರಸ್ತೆಯ ಹಿಂದೆ, ಗೌರಜ್ಜಿ ತಮ್ಮ ರಾಗಿ ಹೊಲದಲ್ಲಿ ಕಟ್ಟಿಸಿದ್ದ ಎಂಟು ಬಾಡಿಗೆ ಕೋಣೆಗಳಲ್ಲಿ ನಮ್ಮದು ಕೊನೆಯದು. ಹೊಲ ಹೋದರೂ ಅಜ್ಜಿಗೆ ಹೊಲದ ಅಭ್ಯಾಸ ಹೋಗಿರಲಿಲ್ಲ. ಬೆಳಿಗ್ಗೆ ಎದ್ದು ಪೈರು ನೋಡುವ ಹಾಗೆ ಬಾಡಿಗೆಯವರನ್ನು ಸಾಲು ಹಿಡಿದು ನೋಡಿಕೊಂಡು ಬರುತ್ತಿದ್ದರು.

ಅಪ್ಪ ಲೇತ್ ನಡೆಸುತ್ತಿದ್ದ ಶೆಡ್ಡಿನಲ್ಲಿ ಆಯುಧಪೂಜೆಗೆ ಪ್ರತಿ ಕೆಲಸಗಾರನಿಗೂ ದಿಂಬಿನಷ್ಟು ದೊಡ್ಡ ಕಡ್ಲೆಪುರಿ ಚೀಲ, ಜೊತೆಗೆ ಅಂಗೈಯಗಲದ ಕಡಲೆಬೀಜದ ಮಿಠಾಯಿ ಕೊಡುವುದು ರೂಢಿ. ಯಂತ್ರಕ್ಕೆ ಕುಂಕುಮ ಹಚ್ಚಿದ ಕೈಯಲ್ಲೇ ಅಪ್ಪ ತರುತ್ತಿದ್ದರು. ಚೀಲದ ಮೇಲೆ ಕೆಂಪು ಬೆರಳಿನ ಗುರುತು, ಒಳಗೆ ಕೈಹಾಕಿದರೆ ಪುರಿಗೂ ಒಂದಿಷ್ಟು ಗ್ರೀಸಿನ ವಾಸನೆ. ಈಗಲೂ ಆ ವಾಸನೆಯಿಲ್ಲದ ಪುರಿ ನನಗೆ ಸಪ್ಪೆ.

ಆ ವರ್ಷ ಮಂಜು ಜ್ವರ ಬಿಟ್ಟು ಆಗಷ್ಟೇ ಎದ್ದಿದ್ದಳು. ಪೂಜೆಯ ಮಾರನೆಯ ದಿನ ಅಪ್ಪ ಊರಿಗೆ ಹೋದರು. ಅಮ್ಮನ ಗಾರ್ಮೆಂಟ್ಸಿಗೆ ರಜೆಯಿರಲಿಲ್ಲ. ಪುಟ್ಟ ಪಾತ್ರೆಯಲ್ಲಿ ಅನ್ನ ಸಾರು ಕಲಸಿ ಮುಚ್ಚಿಟ್ಟು, ಬಾಗಿಲಲ್ಲಿ ನನ್ನ ಭುಜ ಹಿಡಿದರು.

"ಹೊಟ್ಟೆ ಖಾಲಿ ಬಿಡಬಾರ್ದು ಅಂದಿದಾರೆ ಡಾಕ್ಟ್ರು. ಅವಳ ಹೊಟ್ಟೆ ತುಂಬಿಸೋದು ನಿಂದು ಕಣೋ."

ನಾನು ಪಾತ್ರೆಯನ್ನೂ ಚೀಲವನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಚೀಲ ಎಷ್ಟೋ ಪಟ್ಟು ದೊಡ್ಡದು. ಅನ್ನ ಅಮ್ಮನಿಗೇ ಇರಲಿ ಎಂದು ಮುಚ್ಚಿಬಿಟ್ಟೆ. ಇಡೀ ಚೀಲ ಮಂಜುವಿನ ಮುಂದಿಟ್ಟು, ಮಿಠಾಯಿಯನ್ನು ಮಾತ್ರ ನಾನು ಇಟ್ಟುಕೊಂಡೆ. ನನ್ನ ತ್ಯಾಗಕ್ಕೆ ನನಗೇ ಕಣ್ಣು ತುಂಬಿತು. ಸಂಜೆಯಾದರೂ ನನಗೆ ಹಸಿವಾಗಲಿಲ್ಲ. ಅದನ್ನೂ ತ್ಯಾಗದ ಫಲವೆಂದೇ ತಿಳಿದೆ.

ಸಂಜೆ ನಲ್ಲಿಯಲ್ಲಿ ನೀರು ಬಂತು. ನಾನು ಮಹಡಿಯ ಮೂರನೆಯ ಮೆಟ್ಟಿಲಿನ ಮೇಲೆ ನಿಂತಿದ್ದೆ. ಮಂಜು ಬಿಂದಿಗೆಗಳ ಸಾಲಿನ ಪಕ್ಕದಲ್ಲಿ, ಫ್ರಾಕಿನ ಅಂಚನ್ನು ಎರಡೂ ಕೈಯಲ್ಲಿ ಜೋಳಿಗೆಯಂತೆ ಎತ್ತಿಕೊಂಡು ನನ್ನ ಕಡೆಗೇ ಬರುತ್ತಿದ್ದಳು. ಮೊದಲು ಮೊಣಕಾಲು ಮಡಚಿಕೊಂಡಿತು. ಆಮೇಲೆ ತಲೆ ವಾಲಿತು. ಸದ್ದೇ ಆಗಲಿಲ್ಲ. ಫ್ರಾಕಿನಲ್ಲಿದ್ದ ಪುರಿ ಒದ್ದೆ ನೆಲದ ಮೇಲೆಲ್ಲ ಹರಡಿತು.

ಮೂರನೇ ಕೋಣೆಯ ಸರೋಜಕ್ಕ ಬಿಂದಿಗೆ ಬಿಟ್ಟು ಅವಳನ್ನು ಎತ್ತಿಕೊಂಡರು. ಗೌರಜ್ಜಿ ಸಕ್ಕರೆ ನೀರು ತಂದು ತುಟಿಗೆ ಹನಿಸಿದರು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟಳು. ಪುರಿ ಎಲ್ಲಿಗೆ ಒಯ್ಯುತ್ತಿದ್ದೆ ಎಂದು ಸರೋಜಕ್ಕ ಕೇಳಿದರು.

"ಅಣ್ಣಂಗೆ. ಅವ್ನು ಚಿಕ್ಕದು ತಿಂದಿದಾನೆ."

ಅರ್ಧ ಚೀಲವನ್ನು ನನಗೆಂದು ಬೆಳಿಗ್ಗೆಯೇ ಎತ್ತಿಟ್ಟಿದ್ದಳಂತೆ. ಅವಳು ಬಿದ್ದಾಗಿನಿಂದ ನಾನು ಆ ಮೂರನೆಯ ಮೆಟ್ಟಿಲಿನಿಂದ ಇಳಿದೇ ಇರಲಿಲ್ಲ. ಅಜ್ಜಿ ಬೈಯಲಿಲ್ಲ. ಚೀಲದಲ್ಲಿ ಉಳಿದಿದ್ದ ಪುರಿಯಲ್ಲಿ ಒಂದು ಬೊಗಸೆ ತೆಗೆದು ನೀರಿಗೆ ಹಾಕಿ, ಹಿಂಡಿ, ನನ್ನ ಅಂಗೈಯಲ್ಲಿಟ್ಟರು. ನಿಂಬೆಹಣ್ಣಿನಷ್ಟೂ ಇರಲಿಲ್ಲ.

"ಒಟ್ಟೆಗೆ ಬಿದ್ರೆ ಇಂಗಾಯ್ತದೆ ಕಣಪ್ಪ. ಇಷ್ಟೇಯ."

ಬಿದ್ದದ್ದು ಮಂಜುಗೆ ನೆನಪಿಲ್ಲ. ಜ್ವರದಿಂದ ಎದ್ದಾಗ ಅಣ್ಣ ಇಡೀ ಚೀಲ ತನಗೇ ಕೊಟ್ಟಿದ್ದ ಎಂಬುದಷ್ಟೇ ನೆನಪು. ಮಗಳಿಗೂ ಅದನ್ನೇ ಹೆಮ್ಮೆಯಿಂದ ಹೇಳುತ್ತಾಳೆ. ಇಷ್ಟು ವರ್ಷ ನಾನು ತಿದ್ದಲಿಲ್ಲ. ಹೊಗಳಿಕೆ ಬಿಟ್ಟುಕೊಡುವುದು ಕಷ್ಟ.

ಶನಿವಾರ ಬೇಕರಿಯವನಲ್ಲಿ ಒಂದು ಲೋಟ ನೀರು ಕೇಳಿದೆ. ಪೊಟ್ಟಣ ಬಿಚ್ಚಿ ಒಂದು ಹಿಡಿ ಹಾಕಿದೆ. ಮಗು ಬಗ್ಗಿ ನೋಡುತ್ತಿದ್ದಂತೆ ಅದು ನೆನೆದು ಕುಗ್ಗಿಹೋಯಿತು. ಆಮೇಲೆ ಎಲ್ಲವನ್ನೂ ಹೇಳಿದೆ, ಮೂರನೆಯ ಮೆಟ್ಟಿಲನ್ನೂ ಬಿಡದೆ. ಕಡಲೆಬೀಜದ ಮಿಠಾಯಿಯನ್ನೂ ಕೊಡಿಸಿದೆ. ಅವಳು ಅದನ್ನು ಮುರಿದು, ದೊಡ್ಡ ತುಂಡು ಯಾವುದೆಂದು ಎರಡು ಸಲ ನೋಡಿ, ಅದನ್ನು ಅಮ್ಮನಿಗೆಂದು ಜೇಬಿಗೆ ಹಾಕಿಕೊಂಡಳು.

"ಅಮ್ಮಂಗೆ ನೆನಪಿಲ್ಲ ಅಂದ್ರೆ, ನಿಜ ಅಂತ ಯಾರು ಹೇಳ್ತಾರೆ ಮಾಮ?"

ಗೌರಜ್ಜಿ ತೀರಿಕೊಂಡು ಬಹಳ ವರ್ಷವಾಯಿತು. ಸರೋಜಕ್ಕ ಇದ್ದಾರೆ, ಅತ್ತಿಬೆಲೆಯಲ್ಲಿ, ಮಗನ ಮನೆಯಲ್ಲಿ. ಅವರು ನೋಡಿದ್ದಾರೆ.