ಕಸದ ಪೆಟ್ಟಿಗೆಗೆ ಬಿದ್ದ ಕೊಬ್ಬರಿ ದರ

ತಿಪಟೂರು ಸೀಮೆಯ ಕೊಬ್ಬರಿ ವ್ಯಾಪಾರ ಬಲ್ಲವರಿಗೆ ಶ್ರೀ ತೋಂಟದಾರ್ಯನವರನ್ನು ಪರಿಚಯಿಸುವುದು ತೆಂಗಿನ ತೋಟದವನಿಗೆ ಎಳನೀರು ಕೊಂಡುಕೊಟ್ಟಂತೆ. ಬೆಳೆಗಾರರ ಮಾರಾಟ ಸಂಘಕ್ಕೆ ಗುಮಾಸ್ತರಾಗಿ ಸೇರಿ, ಕಾರ್ಯದರ್ಶಿಗಳಾಗಿ ಈಗ ನಿವೃತ್ತರಾಗುತ್ತಿರುವ ಈ ಹಿರಿಯರು, ಬೆಳೆಗಾರ ದುರ್ಗಯ್ಯನವರ ಮಾಲು ಮಳೆಗೆ ಸಿಕ್ಕಾಗ ಅದನ್ನು ತಮ್ಮ ಮನೆಯ ಅಟ್ಟದಲ್ಲೇ ಹರವಿಸಿ ಕಾಪಾಡಿದವರು. ಇಂಥ ಉಪಕಾರಗಳು ಬೇಕಾದಷ್ಟಿವೆ. ಆದರೆ "ಬರೀ ಹೊಗಳಿದ್ರೆ ನಾನು ಆ ಅಭಿನಂದನಾ ಪುಸ್ತಕ ಮುಟ್ಟೋದಿಲ್ಲ ಕಣ್ರೀ, ಭೈರಮ್ಮನ ಸಂಗತಿ ಬರೀರಿ" ಎಂದು ಅವರೇ ಪಟ್ಟು ಹಿಡಿದರು.

ಸಂಘಕ್ಕೆ ಕಂಪ್ಯೂಟರ್ ಬಂದ ಹೊಸತರಲ್ಲಿ, ಹರಾಜು ಮುಗಿದ ಕೂಡಲೇ ಅವರು ಉತ್ತರ ಭಾರತದ ವರ್ತಕರಿಗೆಲ್ಲ ದರವನ್ನು ಇ-ಮೇಲ್ ಮಾಡಿಸುತ್ತಿದ್ದರು. ಒಬ್ಬರಿಗೆ ಮೊದಲು, ಇನ್ನೊಬ್ಬರಿಗೆ ಆಮೇಲೆ ತಿಳಿಸುವುದು ವ್ಯಾಪಾರಧರ್ಮವಲ್ಲವೆಂದು, ಅಷ್ಟೂ ಜನಕ್ಕೆ ಒಂದೇ ಒಕ್ಕಣೆ, ಒಂದೇ ಗಳಿಗೆಯಲ್ಲಿ ಹೋಗಬೇಕು. ೨೦೦೪ರಲ್ಲಿ, ದೀಪಾವಳಿಯ ಬೇಡಿಕೆ ಏರಬೇಕಾದ ಹೊತ್ತಿಗೇ ವರ್ತಕರ ಮರುಪತ್ರಗಳು ನಿಂತುಹೋದವು. ಮಾಲು ಗೋದಾಮಿನಲ್ಲಿ ಕೂತಿತು.

ಕಳಿಸಿದ ಮಾಲೇ ಕೆಟ್ಟಿರಬೇಕೆಂದು ತೋಂಟದಾರ್ಯನವರ ಕಣ್ಣು ಬಿದ್ದದ್ದು ಭೈರಮ್ಮನವರ ಮೇಲೆ. ಕೊಬ್ಬರಿ ಮೂಸಿ, ಕೌಟು ಹಿಡಿದು ಕೆಟ್ಟ ವಾಸನೆ ಬರುವುದನ್ನು ಬೇರ್ಪಡಿಸುವ ಆಕೆಯ ಮೂಗಿಗೆ ಮಂಡಿಯೇ ತಲೆಬಾಗುತ್ತಿತ್ತು. ಅಂಥವರಿಗೆ ತುಂಬಿದ ಹರಾಜುಕಟ್ಟೆಯಲ್ಲಿ, "ನಿನ್ನ ಮೂಗು ಸತ್ತೋಗಿದೆ ಕಣಮ್ಮ, ಕೌಟು ಮಾಲು ಕಳಿಸಿ ಸಂಘದ ಮಾನ ಕಳೆದೆ, ನಾಳೆಯಿಂದ ಬರಬೇಡ" ಎಂದುಬಿಟ್ಟರು. ಆಮೇಲೆ ಯಾವ ಮಂಡಿಯವರೂ ಆಕೆಯನ್ನು ಸೇರಿಸಲಿಲ್ಲ. ಕಿಬ್ಬನಹಳ್ಳಿಯ ಕಾಫಿ ಅಂಗಡಿಯೊಂದರಲ್ಲಿ ಆಕೆ ಲೋಟ ತೊಳೆಯಲು ನಿಂತರು.

ಹಬ್ಬ ಕಳೆದ ಮೇಲೆ ಕಾನ್ಪುರದ ವರ್ತಕರು ಫೋನ್ ಮಾಡಿ, ದರ ಕಳಿಸುವುದನ್ನೇಕೆ ಬಿಟ್ಟಿರಿ ಎಂದು ಆಕ್ಷೇಪಿಸಿದರು. ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಪವಿತ್ರಾ ವಿಚಾರಿಸಿ ಬಂದು ಹೇಳಿದರು: "ಪೋಲಿ ಜಾಹೀರಾತು ತಡೆಯೋಕೆ ಮೇಲ್ ಕಂಪನಿಯೋರು ಹೊಸ ನಿಯಮ ಮಾಡಿದ್ದಾರಂತೆ ಸಾರ್. ಒಂದೇ ಕಾಗದ ಅಷ್ಟು ಜನಕ್ಕೆ ಹೋದ್ರೆ ಸೀದಾ ಕಸದ ಪೆಟ್ಟಿಗೆಗೆ."

"ಮರ್ಯಾದಸ್ಥರ ಸಂಘ ಕಣಮ್ಮ ನಮ್ಮದು! ಕಸಕ್ಕೆ ಹಾಕೋ ಮುಂಚೆ ಒಂದು ಮಾತು ಕೇಳಬಾರದಿತ್ತಾ?" ಎಂದು ಗುಡುಗಿದ ತೋಂಟದಾರ್ಯನವರು ಅಲ್ಲಿಗೇ ತಡೆದು ನಿಂತರು. ತಾವು ಭೈರಮ್ಮನನ್ನು ಒಂದು ಮಾತು ಕೇಳಿದ್ದರೇ? ನಾಚಿಕೆಯಿಂದ ಅವರ ಕಿವಿ ಕೆಂಪಾಯಿತು. ಪವಿತ್ರಾ ಅವರ ಕಡೆ ತಲೆಯೆತ್ತಿ ನೋಡದೆ ತೋಂಟದಾರ್ಯನವರು ಕಿಬ್ಬನಹಳ್ಳಿಯ ಬಸ್ಸು ಹತ್ತಿದರು.

ತೊಳೆಯುತ್ತಿದ್ದ ಲೋಟ ಕೆಳಗಿಡದೆ ಭೈರಮ್ಮ ಎಲ್ಲವನ್ನೂ ಕೇಳಿಸಿಕೊಂಡರು. "ಬುಡಿ ಸಾಮಿ, ಇಲ್ಲಿ ಗುಟ್ಟಾಗಿ ತಪ್ಪಾಯ್ತು ಅಂದ್ರೆ ಯಾರಿಗೆ ಗೊತ್ತಾಯ್ತದೆ? ಅಂದ ಜಾಗದಲ್ಲೇ ಅನ್ನಿ. ಆಮ್ಯಾಕೆ ಕೆಲಸಕ್ಕೆ ಬತ್ತೀನಿ."

ಮುಂದಿನ ಹರಾಜಿನ ದಿನ, ಅದೇ ಕಟ್ಟೆಯ ಮೇಲೆ ತೋಂಟದಾರ್ಯನವರು ಕೈಮುಗಿದು ನಿಂತರು. "ಭೈರಮ್ಮನ ಮೂಗು ಸರಿಯಾಗಿತ್ತು. ನನ್ನ ಬುದ್ಧಿ ಕೌಟಾಗಿತ್ತು."

"ಇನ್ನೊಂದ್ಸಲ ಹೇಳಿ ಸಾಮಿ," ಎಂದರು ಭೈರಮ್ಮ, "ಹಿಂದಿನೋರಿಗೆ ಕೇಳ್ಲಿಲ್ಲ."

ಹೇಳಿದರು. ಅಂದಿನಿಂದ ಯಾರನ್ನೂ ವಿಚಾರಿಸದೆ ಅವರು ಹೊರಗೆ ಹಾಕಿದ್ದಿಲ್ಲ. ದರದ ಪತ್ರಗಳನ್ನೂ ಒಬ್ಬೊಬ್ಬರಿಗೆ ಬೇರೆಬೇರೆಯಾಗಿಯೇ ಬರೆಸಿದರು.

ಈ ಹಿರಿಯ ಜೀವಕ್ಕೆ ದೀರ್ಘಾಯುಸ್ಸು ದೊರೆಯಲಿ, ಸಂಘಕ್ಕೆ ಅವರ ಬುದ್ಧಿಮಾತು ಇನ್ನೂ ಬಹುಕಾಲ ಸಿಗಲಿ. ಅಭಿನಂದನೆಯ ದಿನ ಮಾತನಾಡುವ ಗಣ್ಯರಲ್ಲಿ ಒಂದೇ ವಿನಂತಿ: ದಯವಿಟ್ಟು ಗಟ್ಟಿಯಾಗಿ ಮಾತಾಡಿ. ಭೈರಮ್ಮನವರು ಹಿಂದಿನ ಸಾಲಿನಲ್ಲೇ ಕೂರುತ್ತಾರಂತೆ.